ಕಾಗದ ಕಡಿದ ಮರ: ಕೊಲ್ಹಾಪುರ ಸೀಮೆಯ ವೃಕ್ಷಚರಿತ್ರೆಯ ಕೆಲವು ಪುಟಗಳು

ಕಾಸರಗೋಡು ತಾಲೂಕಿನ ಒಂದು ಅಡಿಕೆ ತೋಟದಿಂದ ಹೊರಟು ನಾನು ಇಚಲಕರಂಜಿಯ ನೂಲಿನ ಗಿರಣಿಯೊಂದರಲ್ಲಿ ಉಗ್ರಾಣದ ಗುಮಾಸ್ತನಾಗಿ ಸೇರಿದ್ದು 1979ರಲ್ಲಿ. ಆ ಊರಲ್ಲಿ ಹೋಟೆಲು ಇಟ್ಟುಕೊಂಡಿದ್ದ ಸೋದರಮಾವನ ಮಾತಿನ ಮೇಲೆ ಸಿಕ್ಕಿದ ಕೆಲಸ ಅದು. ಹತ್ತಿಯ ಬೇಲು, ಬಾಬಿನು, ಎಣ್ಣೆಡಬ್ಬಿಗಳ ಲೆಕ್ಕ ಬರೆಯುವವನಿಗೆ ಮರಗಳ ಉಸ್ತುವಾರಿ ಹೇಗೆ ಅಂಟಿಕೊಂಡಿತು ಎಂದು ಓದುಗರು ಕೇಳಬಹುದು. ಮೇನೇಜರರು ಒಂದು ದಿನ ಕರೆದು, "ನೀವು ತೋಟದ ಕಡೆಯವರು, ಮರದ ವಿಷಯ ನಿಮಗೆ ತಿಳಿದಿರುತ್ತದೆ" ಎಂದರು, ಅಷ್ಟೇ. ಅಡಿಕೆ ಮರಕ್ಕೆ ಗೆಲ್ಲೇ ಇಲ್ಲ ಸ್ವಾಮಿ, ನಾವು ಸವರುವುದಾದರೂ ಏನನ್ನು ಎಂದು ಹೇಳುವ ಧೈರ್ಯ ಆಗ ನನಗಿರಲಿಲ್ಲ.

ಗಿರಣಿಯ ಆವರಣದಲ್ಲಿ ಹತ್ತಿಪ್ಪತ್ತು ಬೇವು, ಒಂದೆರಡು ಗುಲ್‌ಮೊಹರ್, ನಾಲ್ಕು ದೊಡ್ಡ ಮಳೆಮರಗಳಿದ್ದವು. ಸಂಜೆಯಾದರೆ, ಮೋಡ ಕವಿದರೆ ಎಲೆ ಮಡಚಿಕೊಳ್ಳುವ, ದಕ್ಷಿಣ ಅಮೆರಿಕದ ಕಡೆಯಿಂದ ಬಂದ ಈ ಮರಕ್ಕೆ ನಮ್ಮ ಮಲಯಾಳಿ ನೆರೆಯವರು ಇಟ್ಟ 'ಉರಕ್ಕಂತೂಂಗಿ' ಎಂಬ ಹೆಸರು ನನಗೆ ಎಲ್ಲಕ್ಕಿಂತ ಇಷ್ಟ. ತೂಕಡಿಸುವವನು ಎಂದು ಅರ್ಥ. ಮರಾಠಿಯಲ್ಲಿ ಅದು ಪರ್ಜನ್ಯವೃಕ್ಷ. ಭಾಷೆಯ ಮಾತು ಬಂತು, ಒಂದು ತಮಾಷೆ ಹೇಳಿ ಮುಂದುವರಿಯುತ್ತೇನೆ. ನಮಗೂ ಮಲಯಾಳಿಗಳಿಗೂ ಮರ ಎಂದರೆ ಮರವೇ. ಆ ಸೀಮೆಯ ಕನ್ನಡಿಗರಿಗೆ ಎಷ್ಟು ದೊಡ್ಡದಾದರೂ ಅದು 'ಗಿಡ'. ಬೇವಿನ ಗಿಡ, ಹುಣಸಿ ಗಿಡ, ಆಲದ ಗಿಡ. ನಮ್ಮ ಗೆಲ್ಲು ಅವರಿಗೆ ಟೊಂಗಿ, ಮಲಯಾಳಿಗೆ ಕೊಂಬು, ಮರಾಠಿಯವರಿಗೆ ಫಾಂದಿ. ಹೋದ ಹೊಸತರಲ್ಲಿ "ಆ ಗಿಡ ತಗಸ್ರಿ" ಎಂದು ಯಾರೋ ಹೇಳಿದಾಗ ನಾನು ಹೂವಿನ ಪಾತಿಯ ಕಡೆಗೆ ನೋಡುತ್ತಾ ನಿಂತಿದ್ದೆ. ಅವರು ತೋರಿಸಿದ್ದು ಮೂರಾಳೆತ್ತರದ ಬೇವನ್ನು.

1984ರ ಬೇಸಗೆಯಲ್ಲಿ ಮಳೆಮರಗಳ ಮೇಲೆ ದೂರು ಬಂತು. ಗೋದಾಮಿನ ತಗಡಿನ ಮಾಡಿನ ದಂಬೆಯಲ್ಲಿ ಎಲೆ ತುಂಬಿ ನೀರು ಒಳಗೆ ಇಳಿಯುತ್ತದೆ, ಹತ್ತಿ ಹಾಳಾಗುತ್ತದೆ ಎಂದು. ಮೂರು ಮರಗಳ ತಲೆ ಅರ್ಧಕ್ಕೆ ಇಳಿಸಬೇಕು ಎಂದು ತೀರ್ಮಾನವಾಯಿತು. ನಾಲ್ಕನೆಯದು ಕಕ್ಕಸುಕೋಣೆಯ ಹಿಂದೆ ಮೂಲೆಯಲ್ಲಿತ್ತು. ಅದರ ಎಲೆ ಎಲ್ಲಿ ಬಿದ್ದರೂ ಯಾರಿಗೂ ತೊಂದರೆಯಿಲ್ಲವಾದ್ದರಿಂದ ಬಚಾವಾಯಿತು. ಮರ ಕಡಿಯುವವರನ್ನು ಹುಡುಕಿದಾಗ ಗಡಹಿಂಗ್ಲಜದ ಹತ್ತಿರದ ಒಂದು ಹಳ್ಳಿಯ ಮುದುಕನೊಬ್ಬ ಇಬ್ಬರು ಮಕ್ಕಳನ್ನು ಕಟ್ಟಿಕೊಂಡು ಬಂದ. ಕನ್ನಡದವನು. ನಾನು ಅವನನ್ನು ಕಾಕಾ ಎಂದು ಕರೆಯುತ್ತಿದ್ದೆ. ಅವನು ಮರವನ್ನು ಸುತ್ತು ಹಾಕಿದ, ತೊಗಟೆಯ ಮೇಲೆ ಅಂಗೈಯಿಟ್ಟ, ಮೇಲೆ ನೋಡಿದ, ಎಷ್ಟು ಹೊತ್ತು ನೋಡಿದನೆಂದರೆ ನನಗೆ ಕುತ್ತಿಗೆ ನೋಯತೊಡಗಿತು.

"ಇದರ ತಲಿ ಹಾರಿಸಿದ್ರ ಗಿಡ ಸಾಯೂದಿಲ್ರಿ ಸಾಹೇಬ್ರ. ಹುಚ್ಚ ಹಿಡಿತೈತಿ."

ಮಾಡಿನ ಕಡೆಗೆ ಚಾಚಿದ ನಾಲ್ಕೈದು ಟೊಂಗಿಗಳನ್ನಷ್ಟೇ ಬುಡದಿಂದ ತೆಗೆದುಕೊಡುತ್ತೇನೆ ಎಂದ. ಮೇಲಿನವರ ಹುಕುಂ ಅರ್ಧಕ್ಕೆ ಎಂದಿತ್ತು, ನಾನು ಅರ್ಧಕ್ಕೆ ಎಂದೆ. ಆಗ ಅವನು ಕೇಳಿದ್ದು ಕೂಲಿ ಹೆಚ್ಚು ಮಾಡಿ ಎಂದಲ್ಲ.

"ಹಂಗಾದ್ರ ಬರದ ಕೊಡ್ರಿ. ನಾಳೆ ಯಾರರೆ ಕೇಳಿದ್ರ, ನಾ ಕಡದಿಲ್ಲ, ಕಾಗದ ಕಡದೈತಿ ಅಂತೀನಿ."

ನಕ್ಕೆ. ಬರೆದೂ ಕೊಟ್ಟೆ. ಗಿರಣಿಯ ಕಾಗದದಲ್ಲಿ, ನನ್ನ ಸಹಿ ಹಾಕಿ. ಕಡಿದ ಜಾಗಕ್ಕೆಲ್ಲ ಡಾಂಬರು ಬಳಿಸಿದ್ದು ಮಾತ್ರ ನನ್ನದೇ ಸ್ವಂತ ಬುದ್ಧಿ. ಮೂರು ಮರಗಳೂ ಕಪ್ಪು ಮುಷ್ಟಿ ಎತ್ತಿ ನಿಂತ ಹಾಗೆ ಕಾಣುತ್ತಿದ್ದವು. ಅಚ್ಚುಕಟ್ಟಾಯಿತು ಎಂದು ಮೇನೇಜರರು ಹೇಳಿದ್ದು ನನಗೆ ಸಂತೋಷವನ್ನೇ ಕೊಟ್ಟಿತ್ತು.

ಮರಕ್ಕೆ ಕೊಡಲಿ ಹಾಕುವ ಮೊದಲು ಅಪ್ಪಣೆಯ ಕಾಗದ ಕೇಳುವ ಈ ರೂಢಿ ಮುದುಕನ ಸ್ವಂತದ್ದೆಂದು ನಾನು ತಿಳಿದಿದ್ದೆ. ಅದಕ್ಕೆ ಆ ಸೀಮೆಯಲ್ಲಿ ಎಷ್ಟು ಹಳೆಯ ಬೇರಿದೆ ಎಂಬುದು ತಿಳಿದದ್ದು ಎರಡು ವರ್ಷದ ಮೇಲೆ. ಕೊಲ್ಹಾಪುರಕ್ಕೆ ಗಿರಣಿಯ ಕೆಲಸದ ಮೇಲೆ ಹೋದಾಗ ಸಮಯ ಉಳಿದರೆ ನಾನು ಕರವೀರ ನಗರ ವಾಚನ ಮಂದಿರದಲ್ಲಿ ಕೂರುತ್ತಿದ್ದೆ. 1850ರಲ್ಲಿ ಹುಟ್ಟಿದ ಹಳೆಯ ಗ್ರಂಥಾಲಯ ಅದು. ಅಲ್ಲಿ ಜೊತೆಗೆ ಬಂದ ಮರಾಠಿ ಸಹೋದ್ಯೋಗಿಯೊಬ್ಬರು ಓದಿ ಹೇಳಿದ್ದರಿಂದ 'ಆಜ್ಞಾಪತ್ರ' ನನ್ನ ಪರಿಚಯಕ್ಕೆ ಬಂತು.

ಇದನ್ನು ಬರೆದವರು ರಾಮಚಂದ್ರಪಂತ ಅಮಾತ್ಯರು. ಶಿವಾಜಿಯ ಕಾಲದಲ್ಲಿಯೇ ಅಮಾತ್ಯ ಪದವಿಗೆ ಬಂದು, ರಾಜಾರಾಮನು ಜಿಂಜಿಯಲ್ಲಿ ಸಿಕ್ಕಿಬಿದ್ದಿದ್ದ ವರ್ಷಗಳಲ್ಲಿ ಮಹಾರಾಷ್ಟ್ರದ ಆಡಳಿತವನ್ನು ಹೆಗಲ ಮೇಲೆ ಹೊತ್ತು, ಕೊನೆಗೆ ಕೊಲ್ಹಾಪುರದ ಗಾದಿಯ ಪಕ್ಷದಲ್ಲಿ ನಿಂತವರು. ಪನ್ಹಾಳದಲ್ಲಿ 1714ರಲ್ಲಿ ಅರಮನೆಯೊಳಗಿನ ಪಲ್ಲಟದಿಂದ ಎರಡನೆಯ ಸಂಭಾಜಿ ಗಾದಿಗೆ ಬಂದ ಮೇಲೆ, 1715ರ ಸುಮಾರಿಗೆ, ಆ ಎಳೆಯ ದೊರೆಗಾಗಿ ರಾಜ್ಯ ನಡೆಸುವ ನೀತಿಯನ್ನು ಬರೆದಿಟ್ಟರು. ಇಂದು ಊರೂರಿನ ಫಲಕಗಳಲ್ಲಿ, ಭಾಷಣಗಳಲ್ಲಿ ಇದರ ಮರದ ಮಾತುಗಳನ್ನು ಶಿವಾಜಿಯೇ ಬರೆಸಿದ ಆಜ್ಞೆ ಎಂದು ಹೇಳುವುದುಂಟು. ಶಿವಾಜಿಯ ಕಾಲದ ನಡವಳಿಕೆಯನ್ನು ಕಂಡವರು ಬರೆದದ್ದು ಎನ್ನುವುದು ಸರಿ. ಆದರೆ ಗ್ರಂಥ ಕೊಲ್ಹಾಪುರ ಗಾದಿಯ ಕಾಲದ್ದು. ಈ ತಿದ್ದುಪಡಿಯಿಂದ ಶಿವಾಜಿಗೆ ಏನೂ ಕಡಿಮೆಯಾಗುವುದಿಲ್ಲ, ರಾಮಚಂದ್ರಪಂತರಿಗೆ ಸಲ್ಲಬೇಕಾದದ್ದು ಸಲ್ಲುತ್ತದೆ.

ಮರದ ಮಾತು ಬರುವುದು ನೌಕಾಪಡೆಯ ಪ್ರಕರಣದಲ್ಲಿ. ಹಡಗಿಗೆ ಮರ ಬೇಕು. ತೇಗದಂಥ ಮರವನ್ನು ಕಾಡಿನಿಂದ ತರುವುದಾದರೆ ಅಪ್ಪಣೆ ಪಡೆದು ತರಬೇಕು, ಸಾಲದಿದ್ದರೆ ಪರರಾಜ್ಯದಿಂದ ಕೊಂಡು ತರಬೇಕು. ಮಾವು, ಹಲಸು ಕೂಡ ಹಡಗಿಗೆ ಬರುವ ಮರಗಳೇ; ಆದರೆ ಅವನ್ನು ಮುಟ್ಟಕೂಡದು. ಕಾರಣ ಹೇಳುವಲ್ಲಿ ಅಮಾತ್ಯರ ಬುದ್ಧಿ ಕಾಣುತ್ತದೆ. ಈ ಮರಗಳು ಒಂದೆರಡು ವರ್ಷದಲ್ಲಿ ಆಗುವಂಥವಲ್ಲ, ರೈತರು ನೆಟ್ಟು ಮಕ್ಕಳಂತೆ ಬಹುಕಾಲ ಸಾಕಿರುತ್ತಾರೆ, ಕಡಿದರೆ ಅವರ ದುಃಖಕ್ಕೆ ಕೊನೆಯಿಲ್ಲ, ಒಬ್ಬನನ್ನು ನೋಯಿಸಿ ಮಾಡಿದ ಕಾರ್ಯ ಮಾಡಿದವನೊಡನೆ ನಾಶವಾಗುತ್ತದೆ, ಪ್ರಜಾಪೀಡನೆಯ ದೋಷ ದೊರೆಯ ತಲೆಗೆ ಬರುತ್ತದೆ ಎಂಬುದು ಅದರ ಸಾರ. ಒಂದು ವೇಳೆ ಮರ ತೀರ ಹಳತಾಗಿ ಉಪಯೋಗಕ್ಕೆ ಬಾರದ್ದಾದರೆ? ಆಗಲೂ ಒಡೆಯನನ್ನು ಒಪ್ಪಿಸಿ, ಹಣ ಕೊಟ್ಟು, ಅವನಿಗೆ ಸಮಾಧಾನವಾದ ಮೇಲೆ ಕಡಿಯಬೇಕು. ಬಲಾತ್ಕಾರ ಸಲ್ಲದು. ಕೋಟೆಗಳ ಪ್ರಕರಣದಲ್ಲಿ ಇನ್ನೊಂದು ಮಾತಿದೆ: ಕೋಟೆಯ ಮೇಲಿರುವ ಮರ ಕಾಪಾಡಬೇಕು, ಮಾವು, ಹಲಸು, ಹುಣಸೆ, ಆಲ, ಅರಳಿಯಂಥ ದೊಡ್ಡವನ್ನೂ ನಿಂಬೆ, ಕಿತ್ತಳೆಯಂಥ ಸಣ್ಣವನ್ನೂ ಹೂಬಳ್ಳಿಗಳನ್ನೂ ನೆಟ್ಟು ಬೆಳೆಸಬೇಕು, ಹೊತ್ತಿಗೆ ಅವೇ ಒದಗುತ್ತವೆ ಎಂದು.

ನನಗೆ ಇದರಲ್ಲಿ ನಾಟಿದ್ದು ಕರುಣೆಯಲ್ಲ, ವ್ಯವಸ್ಥೆ. ಯಾರ ಮರ, ಯಾರ ಅಪ್ಪಣೆ, ಯಾವ ಕೆಲಸಕ್ಕೆ, ಬದಲಿಗೆ ಏನು ಕೊಟ್ಟೆವು: ಈ ನಾಲ್ಕನ್ನು ಕೇಳದೆ ಕೊಡಲಿ ಎತ್ತಬಾರದು. ಹಳ್ಳಿಯ ಮುದುಕ ಕೇಳಿದ್ದು ಬೇರೇನನ್ನು?

ಆ ಸೀಮೆಯ ಮರದ ದಾಖಲೆ ಇನ್ನೂ ಹಿಂದೆ ಹೋಗುತ್ತದೆ, ಮತ್ತು ಅದು ನಮ್ಮ ಲಿಪಿಯಲ್ಲಿದೆ. ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದ ಕೆ. ಜಿ. ಕುಂದಣಗಾರರು ಉತ್ತರ ಕರ್ನಾಟಕದ ಮತ್ತು ಕೊಲ್ಹಾಪುರ ಸಂಸ್ಥಾನದ ಶಾಸನಗಳನ್ನು ಸಂಗ್ರಹಿಸಿ 1939ರಲ್ಲಿ ಪ್ರಕಟಿಸಿದರು. ಶಿಲಾಹಾರ ವಿಜಯಾದಿತ್ಯನ ಶಕ 1065ರ, ಅಂದರೆ 1143ರ, ಕೊಲ್ಹಾಪುರದ ಜೈನ ಶಾಸನ ಭಾಷೆಯಲ್ಲಿ ಸಂಸ್ಕೃತ, ಅಕ್ಷರದಲ್ಲಿ ಕನ್ನಡ. ಬಸದಿಗೆ ಕೊಟ್ಟದ್ದು ಹೊಲ, ವಾಸದ ಮನೆ, ಜೊತೆಗೆ ಅಳತೆ ಮಾಡಿ ಕೊಟ್ಟ ಒಂದು ಹೂದೋಟ. ತೋಟವನ್ನು ದಾನ ಕೊಡುವುದು ಎಂದರೆ ಅದನ್ನು ನೋಡಿಕೊಳ್ಳುವ ಆಳನ್ನೂ ನೀರನ್ನೂ ಗೊತ್ತುಮಾಡುವುದು ಎಂದೇ ಅರ್ಥ. ನೋಡಿಕೊಳ್ಳದ ತೋಟ ಮೂರು ಬೇಸಗೆ ಉಳಿಯುವುದಿಲ್ಲ.

ಇಚಲಕರಂಜಿ ಪಂಚಗಂಗೆಯ ದಡದ ಬಯಲು ಊರು. 1904ರಲ್ಲಿ ಮೊದಲ ವಿದ್ಯುತ್ ಮಗ್ಗ ಬಂದಲ್ಲಿಂದ ಮಗ್ಗದ ಸದ್ದಿನಲ್ಲೇ ಬೆಳೆದದ್ದು. ಅಲ್ಲಿ ಮರ ಎಂದರೆ ಯಾರೋ ನೆಟ್ಟದ್ದು. ಆದರೆ ಘೋರ್ಪಡೆಯವರ ಇಚಲಕರಂಜಿ ಜಹಗೀರಿಗೆ ಘಟ್ಟದ ಮಗ್ಗುಲ ಆಜರಾ ಸೇರಿತ್ತು. ಗಡಹಿಂಗ್ಲಜದಿಂದ ಹಿರಣ್ಯಕೇಶಿಯನ್ನು ಹಿಡಿದು ಪಶ್ಚಿಮಕ್ಕೆ ಹೋದರೆ ಆಜರಾ, ಅಂಬೋಲಿಯವರೆಗೆ ಮಳೆ ಏರುತ್ತಾ ಹೋಗುತ್ತದೆ, ಮರವೂ ಏರುತ್ತದೆ. ಅಲ್ಲಿಯ ಹಳ್ಳಿಗಳಲ್ಲಿ ದೇವರಾಯಿಗಳಿವೆ. ನಮ್ಮ ನಾಗಬನ, ಮಲಯಾಳಿಗಳ ಕಾವು, ಕೊಡಗಿನ ದೇವರಕಾಡು ಯಾವುದೋ ಅದೇ. ಕತ್ತಿ ಮುಟ್ಟಿಸುವಂತಿಲ್ಲ, ಒಣ ಸೌದೆಗೂ ದೇವರ ಅಪ್ಪಣೆ ಬೇಕು. ಮಾಧವ ಗಾಡ್ಗೀಳ ಮತ್ತು ವಿ. ಡಿ. ವರ್ತಕರು 1970ರ ದಶಕದಲ್ಲಿ ಮಹಾರಾಷ್ಟ್ರದ ದೇವರಾಯಿಗಳನ್ನು ಪಟ್ಟಿಮಾಡಿ ಬರೆದ ಮೇಲೆಯೇ ಓದಿದವರಿಗೆ ಅದರ ಬೆಲೆ ತಿಳಿದದ್ದು. ಓದದವರಿಗೆ ಮೊದಲೇ ಗೊತ್ತಿತ್ತು.

ಶಾಹೂ ಮಹಾರಾಜರ ಆಳ್ವಿಕೆಯನ್ನು (1894–1922) ಮರದ ಕಣ್ಣಿನಿಂದ ನೋಡಿದವರು ಕಡಿಮೆ. ಪನ್ಹಾಳದಲ್ಲಿ ಚಹಾ ಬೆಳೆಸಿ ನೋಡಿದರು. ರಾಧಾನಗರಿಯಲ್ಲಿ ಭೋಗಾವತಿಗೆ ಅಣೆಕಟ್ಟು ಕಟ್ಟಿಸಿದರು. ಅದರ ಮೇಲಿನ ದಾಜೀಪುರದ ಕಾಡು ಸಂಸ್ಥಾನದ ಬೇಟೆಯ ಕಾಡಾಗಿ ಉಳಿದು, ಸಂಸ್ಥಾನ 1949ರ ಮಾರ್ಚ್ 1ರಂದು ಮುಂಬಯಿ ಪ್ರಾಂತದಲ್ಲಿ ಸೇರಿದ ಮೇಲೆ, 1958ರಲ್ಲಿ ಕಾಡುಕೋಣಗಳ ಅಭಯಾರಣ್ಯವಾಯಿತು. ಬೇಟೆಗಾಗಿ ಕಾದದ್ದು ಕಾಡನ್ನು ಉಳಿಸಿತು ಎನ್ನುವುದು ಚರಿತ್ರೆಯ ವಕ್ರತೆ.

ಅಪ್ಪಣೆ ಕೊಡುವ ಕೈ ಆಮೇಲೆ ಸರಕಾರದ್ದಾಯಿತು. ಮಹಾರಾಷ್ಟ್ರದಲ್ಲಿ ಮರ ಕಡಿತಕ್ಕೆ 1964ರ ಕಾನೂನು, ನಗರಗಳಿಗೆಂದೇ 1975ರದು. ಕರ್ನಾಟಕದಲ್ಲಿ 1976ರದು, ಕೇರಳದಲ್ಲಿ 1986ರದು. ನಮ್ಮ ಗಿರಣಿಯ ಪ್ರಶ್ನೆಗೆ 1975ರ ಕಾನೂನಿನ ಒಂದು ವ್ಯಾಖ್ಯೆ ಮುಖ್ಯ. ಮರ ಕಡಿಯುವುದು ಎಂದರೆ ಬುಡಕ್ಕೆ ಕೊಡಲಿ ಹಾಕುವುದಷ್ಟೇ ಅಲ್ಲ. ಸುಡುವುದು, ಕೊಯ್ಯುವುದು, ಯಾವ ರೀತಿಯಲ್ಲಾದರೂ ಹಾಳುಮಾಡುವುದೂ ಸೇರುತ್ತದೆ. ನಾವು "ಮರ ಕಡಿಯುವುದಿಲ್ಲವಲ್ಲ, ತಲೆ ಮಾತ್ರ ತೆಗೆಯುತ್ತೇವೆ, ಪರವಾನಗಿ ಯಾಕೆ?" ಎಂದು ನಮ್ಮಷ್ಟಕ್ಕೆ ತೀರ್ಮಾನಿಸಿದ್ದೆವು. 2021ರ ತಿದ್ದುಪಡಿಯ ನಂತರ 50 ವರ್ಷ ದಾಟಿದ ಮರ ಪಾರಂಪರಿಕ ಮರ. ಆ ಲೆಕ್ಕದಲ್ಲಿ ಇಚಲಕರಂಜಿಯ ಎಷ್ಟೋ ಬೇವುಗಳು ಈಗ ನನ್ನಂತೆಯೇ ಪಾರಂಪರಿಕರು.

ಇನ್ನು ನಡೆದದ್ದನ್ನು ಹೇಳಬೇಕು.

ತಲೆ ಹಾರಿಸಿದ ಮರಗಳು ಒಂದೇ ಮಳೆಗಾಲದಲ್ಲಿ ಚಿಗುರಿದವು. ಒಂದೊಂದು ಮೊಂಡಿನ ಅಂಚಿನಿಂದ ಹತ್ತು ಹದಿನೈದು ಕೋಲುಗಳು ನೆಟ್ಟಗೆ ಆಕಾಶಕ್ಕೆ. ಎರಡು ವರ್ಷದಲ್ಲಿ ಮೊದಲಿಗಿಂತ ದಟ್ಟ ನೆರಳು. ದಂಬೆ ಮತ್ತೆ ತುಂಬಿತು. ಮುದುಕನ ಮಾತು ಸುಳ್ಳಾಯಿತು ಎಂದೇ ನಾನು ಭಾವಿಸಿದ್ದೆ. ಹುಚ್ಚು ಹೀಗೇ ಇರುತ್ತದೆ ಎಂದು ಹೊಳೆಯಲಿಲ್ಲ. 1988ರ ಜುಲಾಯಿಯ ಒಂದು ರಾತ್ರಿ, ಎರಡನೆಯ ಪಾಳಿ ಬಿಡುವ ಹೊತ್ತಿಗೆ, ಸೈಕಲ್ ಸ್ಟ್ಯಾಂಡಿನ ಮೇಲಿದ್ದ ಮರದ ಒಂದು ಹೊಸ ಗೆಲ್ಲು ಬುಡಸಹಿತ ಕಳಚಿ ಬಿತ್ತು. ಗಾಳಿ ಹೇಳುವಂಥದ್ದೇನೂ ಇರಲಿಲ್ಲ. ನೀರು ಕುಡಿದ ಎಲೆಯ ಭಾರ ಅಷ್ಟೇ. ಡಾಫರ್ ಕೆಲಸದ ಒಬ್ಬ ಹುಡುಗ ಸೈಕಲ್ಲಿನ ಬೀಗಕ್ಕೆ ಬಗ್ಗಿದ್ದ. ಹೆಗಲ ಎಲುಬು ಮುರಿಯಿತು. ಜೀವ ಉಳಿಯಿತು, ಆದರೆ ಬಲಗೈ ಕಿವಿಯ ಮೇಲಕ್ಕೆ ಏಳದಾಯಿತು. ತುಂಬಿದ ಬಾಬಿನು ತೆಗೆದು ಖಾಲಿಯದನ್ನು ಹಾಕುವ ಕೆಲಸದಲ್ಲಿ ಎರಡು ಕೈಯೂ ಓಡಬೇಕು. ಅವನನ್ನು ಗೇಟಿನ ಕೆಲಸಕ್ಕೆ ಹಾಕಿದರು. ಆಸ್ಪತ್ರೆಯ ಖರ್ಚನ್ನು ಗಿರಣಿ ಕೊಟ್ಟಿತು. ವರದಿಯಲ್ಲಿ ಗಾಳಿಮಳೆಗೆ ಬಿದ್ದ ಕೊಂಬೆ ಎಂದು ಬರೆಯಲಾಯಿತು. ನಾನು ಸಹಿ ಹಾಕಿದ 1984ರ ಕಾಗದ ನನ್ನದೇ ಕಪಾಟಿನಲ್ಲಿತ್ತು. ಯಾರೂ ಕೇಳಲಿಲ್ಲ, ನಾನೂ ತೋರಿಸಲಿಲ್ಲ.

ಮರುದಿನ ಬಿದ್ದ ಜಾಗವನ್ನು ಏಣಿ ಹಾಕಿ ನೋಡಿದೆ. ಹೊಸ ಗೆಲ್ಲು ಹುಟ್ಟಿದ್ದು ಮೊಂಡಿನ ಹೊರಮೈಯ ಒಂದು ತೆಳುವಾದ ಪದರದಿಂದ. ಸಹಜವಾಗಿ ಬೆಳೆದ ಗೆಲ್ಲು ವರ್ಷವರ್ಷವೂ ಕಾಂಡದ ಮರದೊಳಗೆ ಹೆಣೆದುಕೊಂಡಿರುತ್ತದೆ. ಇದು ಗೋಡೆಗೆ ಅಂಟಿಸಿದ ಕಾಗದದ ಹಾಗೆ. ಅದರ ಹಿಂದೆ, ನಾನು ಡಾಂಬರು ಬಳಿಸಿದ ಮುಖದ ಒಳಗೆ, ಒದ್ದೆಯಾದ ಕಂದು ಹುಡಿ. ಬೆರಳು ಹಾಕಿದರೆ ಗೆಣ್ಣಿನ ತನಕ ಹೋಯಿತು. ಡಾಂಬರು ಬಿರುಕು ಬಿಟ್ಟು ನೀರನ್ನು ಒಳಗೆ ಬಿಟ್ಟು, ಹೊರಗೆ ಒಣಗದಂತೆ ಮುಚ್ಚಿ ಹಿಡಿದಿತ್ತು.

ಇದರ ವಿಜ್ಞಾನವನ್ನು ನಾನು ಓದಿದ್ದು ಬಹಳ ತಡವಾಗಿ. ಅಮೆರಿಕದ ಅರಣ್ಯ ಇಲಾಖೆಯಲ್ಲಿದ್ದ ಅಲೆಕ್ಸ್ ಶೈಗೊ ಎಂಬ ವಿಜ್ಞಾನಿ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಒಂದು ಸಂಗತಿ ಹೇಳಿದ. ನಮ್ಮ ಗಾಯ ಮಾಯುವಂತೆ ಮರದ ಗಾಯ ಮಾಯುವುದಿಲ್ಲ. ಕೆಟ್ಟ ಭಾಗವನ್ನು ಮರ ಒಳಗೊಳಗೇ ಗೋಡೆ ಕಟ್ಟಿ ಬೇರ್ಪಡಿಸಿ, ಅದರ ಮೇಲೆ ಹೊಸತನ್ನು ಬೆಳೆಸಿ ಮುಚ್ಚುತ್ತದೆ. 1977ರಲ್ಲಿ ಈ ಮಾತು ವಿವರವಾಗಿ ಪ್ರಕಟವಾಯಿತು, 1986ರಲ್ಲಿ ಅವನ ದೊಡ್ಡ ಪುಸ್ತಕ ಬಂತು. ಬಣ್ಣ, ಡಾಂಬರು ಬಳಿಯುವುದರಿಂದ ಕೊಳೆ ನಿಲ್ಲುವುದಿಲ್ಲ ಎಂದು ತೋರಿಸಿದ. ಗೋಡೆ ಕಟ್ಟುವ ಶಕ್ತಿ ಹೆಚ್ಚಾಗಿರುವುದು ಗೆಲ್ಲು ಕಾಂಡಕ್ಕೆ ಸೇರುವ ಕಡೆ ಬಳೆಯ ಹಾಗೆ ಉಬ್ಬಿರುವ ಜಾಗದಲ್ಲಿ. ಆ ಬಳೆಯನ್ನು ಉಳಿಸಿ ಅದರ ಹೊರಗೆ ಕೊಯ್ದರೆ ಮರ ಮುಚ್ಚಿಕೊಳ್ಳುತ್ತದೆ. ಬಳೆಯನ್ನೇ ಕೆತ್ತಿ ಕಾಂಡಕ್ಕೆ ಸಮ ಮಾಡಿದರೂ ಕೆಡುಕು, ಮೊಳದುದ್ದ ಮೊಂಡು ಬಿಟ್ಟರೂ ಕೆಡುಕು. ತಲೆ ಹಾರಿಸಿದಲ್ಲಿ ಬಳೆಯೇ ಇರುವುದಿಲ್ಲ. ಗೆಲ್ಲಿನ ನಡುವೆ ಎಲ್ಲಿಯೋ ಕೊಯ್ದ ಮುಖಕ್ಕೆ ಮರದ ಬಳಿ ತಯಾರಿ ಇಲ್ಲ.

ಹುಡುಗ ಆಸ್ಪತ್ರೆಯಿಂದ ಬಂದ ಮೇಲೆ ನಾನು ಗಡಹಿಂಗ್ಲಜಕ್ಕೆ ಬಸ್ಸು ಹತ್ತಿ ಮುದುಕನನ್ನು ಹುಡುಕಿಕೊಂಡು ಹೋದೆ. ಮನೆಯ ಕಟ್ಟೆಯ ಮೇಲೆ ಕೂತಿದ್ದ. ನಡೆದದ್ದು ಹೇಳಿದೆ. "ಕಾಗದ ನನ್ನ ಹತ್ರ ಇನ್ನೂ ಐತ್ರಿ" ಎಂದ, ಅಷ್ಟೇ. ಹಂಗಿಸುವ ದನಿಯಲ್ಲ. ಆಮೇಲೆ ಎದ್ದು ಹಿತ್ತಲಿನ ಮಾವಿನ ಹತ್ತಿರ ಕರೆದುಕೊಂಡು ಹೋಗಿ, ವರ್ಷಗಳ ಹಿಂದೆ ಗೆಲ್ಲು ತೆಗೆದ ಜಾಗ ತೋರಿಸಿದ. ಸುತ್ತಲಿಂದ ತೊಗಟೆ ಉರುಳಿ ಬಂದು ನಡುವೆ ಒಂದು ರೂಪಾಯಿಯಗಲ ಮಾತ್ರ ಉಳಿದಿತ್ತು. "ಇಲ್ಲಿ ಕೊಳ್ಳಾಗ ಪಟ್ಟಿ ಐತಿ ನೋಡ್ರಿ, ಅದರ ಹೊರಗ ಗರಗಸ ಇಡಬೇಕ್ರಿ." ಶೈಗೊನ ಹೆಸರು ಆ ಹಿತ್ತಲಲ್ಲಿ ಯಾರಿಗೂ ಗೊತ್ತಿರಲಿಲ್ಲ, ನನಗೂ.

ಆಮೇಲಿನ ಹನ್ನೆರಡು ವರ್ಷ ಗಿರಣಿಯ ಮರಗಳ ಕೆಲಸ ಅವನು, ಅವನ ನಂತರ ಅವನ ಮಗ, ಮಾಡಿದರು. ಅವರಿಂದ ಕಲಿತದ್ದನ್ನು ನಮ್ಮ ಕಡೆಯವರಿಗೆ ಉಪಯೋಗವಾದೀತೆಂದು ಬರೆಯುತ್ತೇನೆ. ಭಾರದ ಗೆಲ್ಲನ್ನು ಒಂದೇ ಕೊಯ್ತದಲ್ಲಿ ತೆಗೆಯಹೋದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನು ಸುಲಿದುಕೊಂಡು ಹೋಗುತ್ತದೆ. ಕಾಂಡದಿಂದ ಒಂದಡಿ ಹೊರಗೆ, ಮೊದಲು ಕೆಳಗಿನಿಂದ ಕಾಲುಭಾಗ ಕೊಯ್ಯಬೇಕು. ಅದಕ್ಕಿಂತ ನಾಲ್ಕು ಬೆರಳು ಆಚೆ ಮೇಲಿನಿಂದ ಕೊಯ್ದರೆ ಭಾರ ಸದ್ದಿಲ್ಲದೆ ಮುರಿದು ಹಗ್ಗದಲ್ಲಿ ಇಳಿಯುತ್ತದೆ. ಉಳಿದ ಮೊಂಡನ್ನು ಬಳೆಯ ಹೊರಗೆ ಮೂರನೆಯ ಕೊಯ್ತದಲ್ಲಿ ತೆಗೆಯಬೇಕು. ಕೊಡಲಿ ಬೇಡ, ಗರಗಸ. ಮರವನ್ನು ಗಿಡ್ಡ ಮಾಡಲೇಬೇಕಾದರೆ ಗೆಲ್ಲನ್ನು ನಡುವೆ ಮುರಿಯದೆ ಅದರಿಂದ ಹೊರಟ ಕವಲಿನ ಬುಡದ ತನಕ ಹಿಂದೆ ಬರಬೇಕು. ಆ ಕವಲು ತೆಗೆಯುವ ಗೆಲ್ಲಿನ ಮೂರರಲ್ಲಿ ಒಂದು ಪಾಲಿನಷ್ಟಾದರೂ ದಪ್ಪವಿರಬೇಕು, ಇಲ್ಲದಿದ್ದರೆ ಅದು ಯಜಮಾನಿಕೆ ವಹಿಸುವುದಿಲ್ಲ. ಒಂದು ವರ್ಷದಲ್ಲಿ ಹಸಿರಿನ ಕಾಲುಪಾಲಿಗಿಂತ ಹೆಚ್ಚು ತೆಗೆಯಬಾರದು. ಮುದುಕ ಮಾಘ ಮಾಸದಲ್ಲಿ ಕೆಲಸ ಹಿಡಿಯುತ್ತಿದ್ದ. ಏರುಬಿಸಿಲಲ್ಲಿ ಒಮ್ಮೆಲೇ ನೆರಳು ತೆಗೆದರೆ ಒಳಗಿನ ಎಳೆ ತೊಗಟೆ ಬೇಯುತ್ತದೆ ಎನ್ನುತ್ತಿದ್ದ. ಗೂಡಿದ್ದ ಟೊಂಗಿಯನ್ನು ಬಿಟ್ಟು ಇಳಿದು, ಮತ್ತೆ ಬರುತ್ತೇನೆ ಎಂದು ಹೋದದ್ದೂ ಉಂಟು. ಒಂದು ದಿನದ ಕೂಲಿ ಹೋಯಿತು, ಯಾರದೆಂದು ನಾನು ಹೇಳಬೇಕಾಗಿಲ್ಲ.

ಕೆಲಸ ವಹಿಸುವವನ ಕಡೆಯದ್ದೂ ಒಂದು ಮಾತಿದೆ. ಅದನ್ನು ಯಾರೂ ಬರೆಯುವುದಿಲ್ಲ. ಹೆಚ್ಚಿನ ಕಡೆ ಮರ ಸವರುವವನಿಗೆ ಹಣ ಕೊಡುವುದಿಲ್ಲ; "ಸೌದೆ ನೀನೇ ಒಯ್ದುಕೋ" ಎನ್ನುತ್ತಾರೆ. ಲೆಕ್ಕಪತ್ರದಲ್ಲಿ ಖರ್ಚು ಸೊನ್ನೆ, ಎಲ್ಲರಿಗೂ ಖುಷಿ. ಆದರೆ ಕೂಲಿ ಸೌದೆಯ ರೂಪದಲ್ಲಿದ್ದರೆ ಸಣ್ಣ ಗೆಲ್ಲಿಗೆ ಯಾರು ಏರುತ್ತಾರೆ? ದಪ್ಪದ್ದಕ್ಕೇ ಗರಗಸ ಬೀಳುತ್ತದೆ. 1984ರಲ್ಲಿ ನಾವು ಮಾಡಿದ್ದೂ ಅದೇ ಕರಾರು. ಸೌದೆ ಹೆಚ್ಚು ಸಿಗುವ ಕೆಲಸವನ್ನು ಬೇಡವೆಂದ ಮುದುಕನ ಮಾತಿನ ತೂಕ ನನಗೆ ಆಗ ತಿಳಿಯಲಿಲ್ಲ. ಆಮೇಲೆ ನಾನು ದಿನಗೂಲಿ ನಿಗದಿಮಾಡಿ, ಸೌದೆಯನ್ನು ಬೇರೆಯಾಗಿ ತೂಗಿ ಗಿರಣಿಯ ಕ್ಯಾಂಟೀನಿಗೆ ಕೊಡಿಸಿದೆ. ಕರಾರಿನಲ್ಲಿ ಯಾವ ಮರ, ಯಾವ ಗೆಲ್ಲು ಎಂದು ಸುಣ್ಣದ ಗುರುತು ಹಾಕಿ ಬರೆಯುತ್ತಿದ್ದೆವು. ತಂತಿ ಹತ್ತಿರವಿದ್ದರೆ ವಿದ್ಯುತ್ ಮಂಡಳಿಗೆ ಮೊದಲೇ ಬರೆದು ಲೈನು ನಿಲ್ಲಿಸುವುದು, ಕೆಳಗೆ ಹಗ್ಗ ಕಟ್ಟಿ ಜನ ತಡೆಯಲು ಒಬ್ಬನನ್ನು ನಿಲ್ಲಿಸುವುದು, ಹತ್ತುವವನ ಸೊಂಟಕ್ಕೆ ಬೇರೆ ಹಗ್ಗ. ಅಡಿಕೆ ಮರಕ್ಕೆ ಮದ್ದು ಬಿಡುವವರನ್ನು ಕಂಡು ಬೆಳೆದವನಿಗೆ ಇದು ಹೊಸತಾಗಬಾರದಿತ್ತು. ಮಳೆಗಾಲಕ್ಕೆ ಮೊದಲು ಬೋರ್ಡೋ ದ್ರಾವಣ ಬಿಟ್ಟು ಕೊಳೆರೋಗ ತಡೆಯುವುದನ್ನು ನಮ್ಮ ಹಿರಿಯರು ಕಲಿತದ್ದು ಮೈಸೂರಿನಲ್ಲಿದ್ದ ಲೆಸ್ಲಿ ಕೋಲ್‌ಮನ್ನರ ಕೆಲಸದಿಂದ, ನೂರು ವರ್ಷದ ಹಿಂದೆ. ರೋಗ ಬಂದ ಮೇಲೆ ಬಿಡುವುದಲ್ಲ, ಬರುವ ಮೊದಲೇ ಬಿಡುವುದು ಎಂಬುದು ತೋಟದಲ್ಲಿ ನಮಗೆ ಗೊತ್ತು, ರಸ್ತೆಯ ಮರದ ಹತ್ತಿರ ಬಂದಾಗ ಮರೆತುಹೋಗುತ್ತದೆ.

ಬೇರಿನ ಬಗ್ಗೆ ಮುದುಕನಿಗೂ ತಪ್ಪು ತಿಳುವಳಿಕೆ ಇತ್ತು. ಮೇಲೆಷ್ಟೋ ಕೆಳಗಷ್ಟೇ ಆಳ ಎನ್ನುತ್ತಿದ್ದ. ನಿಜವಾಗಿ ಆಹಾರ ಹೀರುವ ಬೇರು ಹೆಚ್ಚಿನದು ಮೇಲಿನ ಎರಡಡಿ ಮಣ್ಣಿನಲ್ಲೇ ಇದ್ದು, ನೆರಳಿನ ಅಂಚನ್ನೂ ದಾಟಿ ಹೋಗಿರುತ್ತದೆ. ಆದ್ದರಿಂದಲೇ ಚರಂಡಿ, ಕೇಬಲ್ಲು, ನೀರಿನ ಕೊಳವೆ ಎಂದು ತೋಡುವ ಮೂರಡಿ ಕಣಿ ಮರವನ್ನು ಕೊಲ್ಲುವುದು. ಮೂರು ನಾಲ್ಕು ವರ್ಷದ ಮೇಲೆ ಬೀಳುವಾಗ ಕಣಿ ತೋಡಿದ್ದು ಯಾರ ನೆನಪಿನಲ್ಲೂ ಇರುವುದಿಲ್ಲ. ಬುಡದ ತನಕ ಸಿಮೆಂಟು ಹಾಕುವುದೂ ಇದೇ ಜಾತಿಯದ್ದು. ದಿಲ್ಲಿಯಲ್ಲಿ ಹಸಿರು ನ್ಯಾಯಾಧಿಕರಣ 2013ರಲ್ಲಿ ಮರದ ಸುತ್ತ ಒಂದು ಮೀಟರು ಮಣ್ಣು ಬಿಡಬೇಕೆಂದು ಆಜ್ಞೆ ಮಾಡಿತು. ಕೊಲ್ಹಾಪುರದ ಟೌನ್ ಹಾಲಿನ ತೋಟಕ್ಕೆ ಹೋದವರು ಈ ವ್ಯತ್ಯಾಸವನ್ನು ಕಣ್ಣಲ್ಲೇ ಕಾಣಬಹುದು. ಚಾರ್ಲ್ಸ್ ಮಾಂಟನ ನಕ್ಷೆಯಂತೆ 1872–76ರಲ್ಲಿ ಕಟ್ಟಿದ, ಈಗ ವಸ್ತುಸಂಗ್ರಹಾಲಯವಾಗಿರುವ ಆ ಕಟ್ಟಡದ ಸುತ್ತ ಮಣ್ಣಿದೆ, ಹಳೆಯ ಮರಗಳೂ ಇವೆ. ಗೇಟು ದಾಟಿ ಹೊರಗೆ ಬಂದರೆ ರಸ್ತೆಯ ಮರಕ್ಕೆ ಸಿಮೆಂಟಿನ ಕಾಲರು.

ಸಂಕೇಶ್ವರದಿಂದ ಗಡಹಿಂಗ್ಲಜ, ಆಜರಾ ಹಾದು ಬಾಂದಾಕ್ಕೆ ಇಳಿಯುವ ದಾರಿ ಈಗಿನ ವರ್ಷಗಳಲ್ಲಿ ಹೆದ್ದಾರಿಯಾಯಿತು. ಅಗಲೀಕರಣಕ್ಕೆ ದ ಇಬ್ಬದಿಯ ಹಳೆಯ ಮರಗಳು ಹೋದವು. ರಸ್ತೆ ಬೇಡ ಎನ್ನುವವನು ನಾನಲ್ಲ. ರೋಗಿಯನ್ನು ಕೊಲ್ಹಾಪುರಕ್ಕೆ ಸಾಗಿಸುವ ಆ ಹಳ್ಳಿಯವರೂ ಅಲ್ಲ. ಆದರೆ ಆ ಮರಗಳ ಒಡೆಯ ಯಾರು? ಹೊಲದ ಮರಕ್ಕಾದರೆ ಪರಿಹಾರ ಕೇಳಲು ರೈತನಿದ್ದಾನೆ. ದಾರಿಯ ಮರದ ಕೆಳಗೆ ಬಸ್ಸಿಗೆ ಕಾದವರು, ಕಬ್ಬಿನ ಗಾಡಿಯ ಎತ್ತು ಬಿಚ್ಚಿದವರು ಅಮಾತ್ಯರು ಹೇಳುವ ಒಡೆಯರ ಪಟ್ಟಿಯಲ್ಲಿ ಬರುತ್ತಾರೋ ಇಲ್ಲವೋ, ಅವರನ್ನು ಒಪ್ಪಿಸುವ ಕ್ರಮವಂತೂ ಯಾವ ಕಾನೂನಿನಲ್ಲಿಯೂ ನನಗೆ ಕಾಣಲಿಲ್ಲ. ನಮ್ಮಲ್ಲಿಯೂ ತಲಪಾಡಿಯಿಂದ ತೆಂಕಲಾಗಿ ಹೆದ್ದಾರಿ ಆರು ಸಾಲಾದದ್ದನ್ನು ಕಂಡವರಿಗೆ ಈ ಪ್ರಶ್ನೆ ಬಿಡಿಸಿ ಹೇಳಬೇಕಾಗಿಲ್ಲ. ಮಹಾಜನ ಆಯೋಗದ ವರದಿಯಲ್ಲಿ ಬೆಳಗಾವಿಯ ಸೀಮೆಯೂ ಕಾಸರಗೋಡೂ ಒಟ್ಟಿಗೆ ಬಂದವು. ಗಡಿಯ ಮೇಲಿನ ಜಗಳಕ್ಕೆ ಕಡತಗಳಿವೆ, ಗಡಿಯ ಮರಗಳಿಗೆ ಇಲ್ಲ.

ಗಿರಣಿ ಮುಚ್ಚಿ ಬಹಳ ವರ್ಷವಾಯಿತು. ಹೋದ ವರ್ಷ ಸೋದರಮಾವನ ಮೊಮ್ಮಗಳ ಮದುವೆಗೆ ಇಚಲಕರಂಜಿಗೆ ಹೋದಾಗ ಆ ಕಡೆ ನಡೆದು ಬಂದೆ. ಆವರಣ ಹೋಳುಹೋಳಾಗಿ ಮಾರಾಟವಾಗಿ ಮನೆಗಳೆದ್ದಿವೆ. ತಲೆ ಹಾರಿಸಿದ ಮೂರು ಮಳೆಮರಗಳಲ್ಲಿ ಒಂದೂ ಉಳಿದಿಲ್ಲ. ಕಕ್ಕಸುಕೋಣೆಯ ಹಿಂದಿನದು ಮಾತ್ರ ಇದೆ, ಈಗ ರಸ್ತೆಯ ಅಂಚಿಗೆ ಬಂದಿದೆ, ಛತ್ರಿ ಎರಡು ಮನೆಗಳನ್ನು ದಾಟಿ ಹರಡಿದೆ. ಕಾಂಡದ ಮೇಲೆ ಟ್ಯೂಶನ್ ಕ್ಲಾಸಿನ ತಗಡಿನ ಫಲಕ ಹೊಡೆದಿದ್ದರು. ಎದುರಿನ ಸೈಕಲ್ ಅಂಗಡಿಯ ಹುಡುಗನಿಂದ ಇಕ್ಕಳ ಕೇಳಿ ಪಡೆದು ಮೊಳೆ ಕೀಳತೊಡಗಿದೆ. "ಕಾಯ್ ಕರತಾ ಕಾಕಾ?" ಎಂದು ಅವನು ಕೇಳಿದ. ಎರಡು ಬಂದವು. ಮೂರನೆಯದರ ತಲೆ ತೊಗಟೆಯ ಒಳಗೆ ಹೋಗಿಬಿಟ್ಟಿತ್ತು, ಇಕ್ಕಳಕ್ಕೆ ಸಿಗಲಿಲ್ಲ.